ಆರು ವಾರಕ್ಕೊಂದು ಶನಿವಾರ

ಉಮಾಶ್ರೀಗೆ ದಣಿವು ಹೊಸದಲ್ಲ. ಎವರ್‌ಗ್ರೀನ್‌ನ ಮನೆಯಿಂದ ಫಾಸ್ಟರ್ ಸಿಟಿಯ ಆಫೀಸಿಗೆ ಹೋಗಲು ಒಂದೂವರೆ ಗಂಟೆ, ಬರಲು ಎರಡು. ಅಲ್ಲಿ ಅವಳ ಕೆಲಸ ಔಷಧ ತಯಾರಿಕೆಯ ದಾಖಲೆಗಳಲ್ಲಿ ತಪ್ಪು ಹುಡುಕುವುದು. ಮನೆಗೆ ಬಂದರೆ ಗಂಡ ಗುರುಶಾಂತಪ್ಪ, ಜನ್ಮದಲ್ಲಿ ತಪ್ಪೇ ಮಾಡದವನು.

ಮಕ್ಕಳಿಲ್ಲದ ಈ ದಂಪತಿಯ ಮನೆಗೆ ಮೂರು ವರ್ಷದ ಹಿಂದೆ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾ ಸರಕಾರದ ಮಕ್ಕಳ ಇಲಾಖೆಯವರು, ಜಲೀಸಾ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ತಂದು ಬಿಟ್ಟರು. ಓಕ್‌ಲ್ಯಾಂಡಿನ ಕಪ್ಪು ಕುಟುಂಬದ ಮಗು. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಸಾಕುವವರ ಎರಡು ಮನೆ ಕಂಡು ಬಂದಿದ್ದಳು. ಕೆಲವು ವಾರಗಳ ಮಟ್ಟಿಗೆ ಎಂದು ಹೇಳಿದ್ದರು. ಸರಕಾರದ ಕೆಲವು ವಾರ ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ.

ಮೊದಲ ಭಾನುವಾರವೇ ಉಮಾಶ್ರೀ ಅವಳನ್ನು ಕೂರಿಸಿಕೊಂಡು ತಲೆಗೆ ಬೊಗಸೆಗಟ್ಟಲೆ ಕೊಬ್ಬರಿ ಎಣ್ಣೆ ತಟ್ಟಿ, ಸಣ್ಣ ಹಲ್ಲಿನ ಬಾಚಣಿಗೆ ಹಿಡಿದಳು. ಬಾಚಣಿಗೆಯ ನಾಲ್ಕು ಹಲ್ಲು ಮುರಿದವು. ಜಲೀಸಾ ಕಿರುಚಲಿಲ್ಲ, ಅಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಕೂತಳು. ಆ ಸುಮ್ಮನಿರುವಿಕೆ ಉಮಾಶ್ರೀಯನ್ನು ಹೆದರಿಸಿತು. ಮರುದಿನ ಗ್ರೋಸರಿ ಅಂಗಡಿಯ ಕೌಂಟರಿನಲ್ಲಿದ್ದ ಕಪ್ಪು ಹೆಂಗಸಿನ ಮುಂದೆ ನಿಂತು, ಹಿಂದಿನ ಸಾಲೆಲ್ಲ ಗೊಣಗುತ್ತಿದ್ದರೂ, "ನನಗೆ ತಲೆ ಬಾಚಲು ಬರುವುದಿಲ್ಲ, ಯಾರನ್ನು ಕೇಳಲಿ?" ಎಂದಳು. ಆಕೆ ರಸೀದಿಯ ಬೆನ್ನಿಗೆ ಓಕ್‌ಲ್ಯಾಂಡಿನಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟ ಮಿಸ್ ವರ್ನೀಸ್ ಅವರ ನಂಬರು ಬರೆದುಕೊಟ್ಟಳು.

ಅಂದಿನಿಂದ ಆರು ವಾರಕ್ಕೊಂದು ಶನಿವಾರ ಓಕ್‌ಲ್ಯಾಂಡಿಗೆ ಅರ್ಪಣೆ. ನೂರಾರು ಸಣ್ಣ ಜಡೆ ಹೆಣೆಯಲು ಆರೇಳು ಗಂಟೆ ಬೇಕು. ಆ ಹೊತ್ತಿನಲ್ಲಿ ಅಂಗಡಿಗೆ ಬರುವ ಹೆಂಗಸರು ಜಲೀಸಾಳ ಶಾಲೆ ವಿಚಾರಿಸುತ್ತಾರೆ, ಬೈಯುತ್ತಾರೆ, ಕರಿದ ಮೀನು ತಿನ್ನಿಸುತ್ತಾರೆ. ಒಬ್ಬಾಕೆಗೆ ಅವಳ ಅಜ್ಜಿಯ ಪರಿಚಯವೂ ಇತ್ತು. ಉಮಾಶ್ರೀ ಮೂಲೆಯಲ್ಲಿ ಕುಳಿತು ತೂಕಡಿಸುತ್ತಾಳೆ.

ಗುರುಶಾಂತಪ್ಪನದು ಬೇರೆ ದಾರಿ. ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾದ ಅವನು ಜಲೀಸಾಳ ಸಂಸ್ಕೃತಿಯ ರಕ್ಷಣೆಗೆಂದು ನಲವತ್ತೆರಡು ಸ್ಲೈಡುಗಳ ಯೋಜನೆ ಮಾಡಿದ್ದ. ಊಟದ ಹೊತ್ತಿನಲ್ಲಿ ಅವಳಿಗೆ ಅವಳದೇ ಜನರ ಇತಿಹಾಸವನ್ನು ಇಸವಿಗಳ ಸಮೇತ ಹೇಳಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದ. ಓಕ್‌ಲ್ಯಾಂಡಿಗೆ ಮಾತ್ರ ಒಮ್ಮೆಯೂ ಬಂದವನಲ್ಲ. ಅಲ್ಲಿ ಪಾರ್ಕಿಂಗು ಕಷ್ಟವಂತೆ.

ಈ ನವೆಂಬರಿನಲ್ಲಿ ಜಲೀಸಾಳನ್ನು ದತ್ತು ತೆಗೆದುಕೊಳ್ಳುವ ವಿಷಯ ಕೋರ್ಟಿಗೆ ಬಂತು. ಹನ್ನೆರಡು ತುಂಬಿದ ಮಗು ತಾನೇ ಒಪ್ಪಿ ಸಹಿ ಹಾಕಬೇಕು, ಇಲ್ಲವಾದರೆ ದತ್ತಕವಿಲ್ಲ. ಸೋಮವಾರ ಹಿಯರಿಂಗು. "ಯೋಚಿಸ್ತೀನಿ" ಎಂದಷ್ಟೇ ಜಲೀಸಾ ಸೋಷಿಯಲ್ ವರ್ಕರಿಗೆ ಹೇಳಿದ್ದಳು. ಆ ಒಂದು ಮಾತನ್ನು ಉಮಾಶ್ರೀ ಫ್ರೀವೇಯ ಮೂರೂವರೆ ಗಂಟೆಯೂ ಅಗಿಯುತ್ತಿದ್ದಳು. ಕೇಳಲು ಧೈರ್ಯವಿಲ್ಲ, ಕೇಳದಿರಲು ಶಕ್ತಿಯಿಲ್ಲ.

ಹಾಗಿರುವಾಗ ಗುರುವಾರ ಊಟಕ್ಕೆ ಕೂತಾಗ ಗುರುಶಾಂತಪ್ಪ ಒಂದು ಪೊಟ್ಟಣ ಬಿಚ್ಚಿದ. ಹಳೆಯ ಮಾದರಿಯ ಕೋಟು, ಪುಟ್ಟ ಹ್ಯಾಟು, ದುಂಡು ಕನ್ನಡಕ, ಕೈಚೀಲ.

"ಶನಿವಾರ ರಾಜ್ಯೋತ್ಸವದಾಗ ಮಕ್ಕಳ ಛದ್ಮವೇಷ ಐತಿ. ಜಲೀಸಾ ಹೆಸರು ಕೊಟ್ಟೀನಿ. ಬ್ಲ್ಯಾಕ್ ಜನರ ಹಕ್ಕಿಗಾಗಿ ಹೋರಾಡಿದ ಹೆಂಗಸಿನ ಪಾತ್ರ. ಎರಡು ನಿಮಿಷ ಡೈಲಾಗು, ನಾನೇ ಬರದೀನಿ."

ನಮ್ಮ ಜನಕ್ಕೆ ಯಾವ ಮಗುವನ್ನು ಕಂಡರೂ ವೇಷ ಹಾಕಿ ಮೈಕಿನ ಮುಂದೆ ನಿಲ್ಲಿಸದಿದ್ದರೆ ಸಾಕಿದಂತೆ ಅನ್ನಿಸುವುದಿಲ್ಲ. ಅವನ ಕಣ್ಣಿನಲ್ಲಿ ನಿಜವಾದ ಪ್ರೀತಿಯೇ ಇತ್ತು. ತೊಂದರೆ ಅದೇ.

ಜಲೀಸಾ ಹ್ಯಾಟನ್ನು ತಿರುಗಿಸಿ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನದು. "ಇದು ವೇಷ ಅಲ್ಲ. ನನ್ನ ಅಜ್ಜಿ ಚರ್ಚಿಗೆ ಹೀಗೇ ಹೋಗ್ತಿದ್ಲು," ಎಂದಳು.

"ಅದಕ್ಕೇ ಮತ್ತ! ನಿನಗ ನ್ಯಾಚುರಲ್ ಆಗಿ ಬರ್ತದ!"

ಗದಗದಿಂದ ಬಂದು ಆರು ತಿಂಗಳಿಂದ ಮಗನ ಮನೆಯಲ್ಲಿದ್ದ ನೀಲವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಏ ಗುರ್ಯಾ, ನಿನ್ನ ಆಫೀಸಿನಾಗ ನಿಮ್ಮಪ್ಪನ ರುಮಾಲು ನಿನ್ನ ತಲಿಗೆ ಸುತ್ತಿ, ಇಂಡಿಯಾದವನ ವೇಷ ಹಾಕ್ಯಾನ ನೋಡ್ರಿ, ಚಪ್ಪಾಳಿ ತಟ್ರಿ ಅಂದ್ರ ಹೆಂಗಪಾ?"

"ಯವ್ವಾ, ಅದು ಬ್ಯಾರೆ."

"ಹೌದೇಳು, ನಿನಗಾದ್ರ ಬ್ಯಾರೆ."

ಜಲೀಸಾ ಹ್ಯಾಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಶನಿವಾರ ಮಿಸ್ ವರ್ನೀಸ್ ಹತ್ತಿರ ಹೋಗ್ಬೇಕು."

"ಮುಂದಿನ ವಾರ ಹಾಕಿಸ್ಕೋ," ಎಂದ ಗುರುಶಾಂತಪ್ಪ. "ಜಡೆ ಎಲ್ಲಿ ಓಡಿ ಹೋಗ್ತಾವು? ನಾಲ್ಕುನೂರು ಜನ ಬರ್ತಾರ."

ಜಲೀಸಾ ಬಿಗಿಯಾಗಿ ಕಣ್ಣು ಮುಚ್ಚಿಕೊಂಡಳು, ಅಷ್ಟೇ. ಉಮಾಶ್ರೀ ಅದನ್ನು ನೋಡಿದಳು.

"ಶನಿವಾರ ನಾವು ಓಕ್‌ಲ್ಯಾಂಡಿಗೆ ಹೋಗ್ತೀವಿ," ಎಂದಳು.

"ಹೆಸರು ಪ್ರಿಂಟ್ ಆಗೇದ!"

"ಹೊಡೆದುಹಾಕ್ರಿ. ನನಗ ಜಗಳಾಡ್ಲಿಕ್ಕೆ ತ್ರಾಣ ಇಲ್ಲ, ಅದಕ್ಕ ಒಂದೇ ಸಲ ಹೇಳ್ತೀನಿ."

ದೊಡ್ಡ ಮಾತೇನಲ್ಲ. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸಾಂಸ್ಕೃತಿಕ ಕಾರ್ಯದರ್ಶಿಯ ಪ್ರಕಟಿತ ಕಾರ್ಯಕ್ರಮದಲ್ಲಿ ತಿದ್ದುಪಡಿಯಾದದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಜಲೀಸಾ ಕುರ್ಚಿ ಹತ್ತಿದಳು. ಮಿಸ್ ವರ್ನೀಸ್‌ಗೆ ಎಪ್ಪತ್ತರ ಹತ್ತಿರ; ಬೆರಳು ನೋಯುತ್ತವೆ, ನಾಲಿಗೆ ನೋಯುವುದಿಲ್ಲ. "ಏನಮ್ಮಾ ಉಮಾ, ಸೋಮವಾರ ಕೋರ್ಟಿಗೆ ಈ ಮುಖ ತಗೊಂಡು ಹೋಗ್ತೀಯಾ? ಜಡ್ಜು ನಿನ್ನನ್ನೇ ಯಾರಿಗಾದ್ರೂ ದತ್ತು ಕೊಟ್ಟಾನು," ಎಂದಳು. ಅಂಗಡಿಯೆಲ್ಲ ನಕ್ಕಿತು. ಉಮಾಶ್ರೀಯೂ ನಕ್ಕಳು, ನಗುವುದಕ್ಕೂ ಆಯಾಸವಾಯಿತು.

ಎರಡು ಗಂಟೆಗೆ ಗಂಡನ ಫೋನು. "ಹೆಸರು ತೆಗೆಸೀನಿ. ಟೈಮು ಖಾಲಿ ಉಳೀತು ಅಂತ ನಾನೇ ಹತ್ತು ನಿಮಿಷ ಮಾತಾಡಿದೆ." ಆಮೇಲೆ, "ಅಲ್ಲೆ ಪಾರ್ಕಿಂಗು ಸಿಗ್ತದೇನು?" ಎಂದು ಕೇಳಿದ. ಉಮಾಶ್ರೀ ಸಿಗುತ್ತದೆ ಎಂದಳು.

ತಲೆಯ ಹಿಂಭಾಗ ಮುಗಿದು ಬಲಗಡೆ ಶುರುವಾಗಿತ್ತು. ಗದ್ದ ಎದೆಗೊತ್ತಿ ಕೂತಿದ್ದ ಜಲೀಸಾ ನೆಲಕ್ಕೆ ಹೇಳುವಂತೆ ಕೇಳಿದಳು: "ಸೋಮವಾರ ಆದ್ಮೇಲೆ ಕೌಂಟಿಯವರು ಚೆಕ್ ಮಾಡೋಕೆ ಬರಲ್ಲ, ಅಲ್ವಾ?"

"ಇಲ್ಲ."

"ಹಿಂದಿನ ಮನೆಯಲ್ಲಿ ಅವರು ಬರೋ ಹಿಂದಿನ ದಿನ ಮಾತ್ರ ತಲೆ ಬಾಚ್ತಿದ್ರು."

ಮಿಸ್ ವರ್ನೀಸ್‌ಳ ಬೆರಳುಗಳು ನಿಂತವು. ಕೂದಲೊಣಗಿಸುವ ಯಂತ್ರದ ಕೆಳಗಿದ್ದ ಹೆಂಗಸು ಕೂಡ ಪತ್ರಿಕೆಯಿಂದ ಕಣ್ಣೆತ್ತಿದಳು. ಇಂಥ ಹೊತ್ತಿನಲ್ಲಿ ಗುರುಶಾಂತಪ್ಪನಾಗಿದ್ದರೆ ಪ್ರೀತಿಯ ಬಗ್ಗೆ ಏನಾದರೂ ಹೇಳಿ ಕೆಡಿಸುತ್ತಿದ್ದ. ಉಮಾಶ್ರೀ ಎದ್ದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಮಿಸ್ ವರ್ನೀಸ್ ಗಿರಾಕಿಗಳ ದಿನ ಗುರುತಿಡುವ, ಹಾಳೆ ಸುರುಳಿಗಟ್ಟಿದ ಡೈರಿಯನ್ನೂ ಪೆನ್ಸಿಲನ್ನೂ ತಂದು ಪಕ್ಕದಲ್ಲಿ ಕೂತಳು.

"ಡಿಸೆಂಬರ್ ಇಪ್ಪತ್ತು," ಎಂದು ಗಟ್ಟಿಯಾಗಿ ಹೇಳುತ್ತ ಬರೆದಳು. "ಜನವರಿ ಮೂವತ್ತೊಂದು. ಮಾರ್ಚ್ ಹದಿನಾಲ್ಕು. ಏಪ್ರಿಲ್ ಇಪ್ಪತ್ತೈದು. ಜೂನ್ ಆರು."

"ನಿನಗೆ ಸುಸ್ತಾಗಿದ್ರೂ?"

"ಈಗ ಸುಸ್ತಾಗಿಲ್ಲ ಅಂದ್ಕೊಂಡಿಯಾ?"

ಜಲೀಸಾ ಬೆರಳು ಮಡಿಚಿ ವಾರ ಎಣಿಸಿದಳು. ಆಮೇಲೆ ಗದ್ದ ಎತ್ತದೆಯೇ, "ಜೂನ್ ಆರು ಬೇಡ," ಎಂದಳು.

ಉಮಾಶ್ರೀಯ ಕೈಯಲ್ಲಿ ಪೆನ್ಸಿಲು ನಿಂತಿತು.

"ಜೂನ್ ಎರಡಕ್ಕೆ ನನ್ನ ಬರ್ತ್‌ಡೇ. ಅದಕ್ಕೂ ಮುಂಚಿನ ಶನಿವಾರ ಹಾಕು."

"ಮೇ ಮೂವತ್ತು," ಎಂದಳು ಮಿಸ್ ವರ್ನೀಸ್, ಕ್ಯಾಲೆಂಡರಿನ ಕಡೆ ನೋಡಿ. ಆಮೇಲೆ ಜಲೀಸಾಳ ತಲೆಯನ್ನು ಎರಡು ಬೆರಳಿನಿಂದ ನೆಟ್ಟಗೆ ಮಾಡಿದಳು. "ಅಲ್ಲಾಡಬೇಡ, ಇನ್ನೂ ಎರಡು ಗಂಟೆ ಇದೆ."

ಉಮಾಶ್ರೀ ಜೂನ್ ಆರನ್ನು ಹೊಡೆದುಹಾಕಿ ಮೇ ಮೂವತ್ತು ಎಂದು ಬರೆದಳು. ಡೈರಿ ಮಡಿಲಲ್ಲಿದ್ದ ಹಾಗೆಯೇ ಅವಳಿಗೆ ನಿದ್ದೆ ಹತ್ತಿತು.