ಮೆಂತ್ಯ ಬಳಿದ ಬೆಳಕು

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಮನೆಯ ಕಟ್ಟೆಯ ಮೇಲೆ ಕುಳಿತ ಗದ್ದೆಮ್ಮ ಬಿದಿರಿನ ಸೀಳನ್ನು ಹೆಬ್ಬೆರಳಿಗೂ ಕತ್ತಿಗೂ ನಡುವೆ ಎಳೆಯುತ್ತಾರೆ. ದಾರದಷ್ಟು ತೆಳ್ಳಗಾದ ಸೀಳು ಸುರುಳಿ ಸುತ್ತುತ್ತ ಹೋಗಿ ಕುಂಬಳಕಾಯಿಯ ಆಕಾರ ತಾಳುತ್ತದೆ. ಅದರ ಮೇಲೊಂದು ತೆಳು ಕಾಗದ. ಬಣ್ಣವಿಲ್ಲ, ಜರಿಯಿಲ್ಲ, ಕುಚ್ಚಿಲ್ಲ. ಒಳಗೆ ಬಲ್ಬು ಇಳಿಬಿಟ್ಟರೆ ದೀಪ ಸಿದ್ಧ. ದಿನಕ್ಕೆ ಎರಡೇ, ಮೂರನೆಯದಕ್ಕೆ ಕೈ ಒಪ್ಪುವುದಿಲ್ಲವಂತೆ.

ಗದ್ದೆಮ್ಮನವರದು ಬುಟ್ಟಿ ಹೆಣೆಯುವ ಮನೆತನ. ಕವಿತಾಳದ ಸಂತೆಯಲ್ಲಿ ಮೊರ, ಬುಟ್ಟಿ, ತೊಟ್ಟಿಲು ಮಾರಿ ಬದುಕಿದವರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸಂತೆಗೆ ಪ್ಲಾಸ್ಟಿಕ್ ಬುಟ್ಟಿ ಬಂತು, ಬಿದಿರು ಕೇಳುವವರೇ ಇಲ್ಲದಂತಾಯಿತು. ಗಂಡ ಬೂದೆಪ್ಪ ಕತ್ತಿ ಕೆಳಗಿಟ್ಟು ಕಲ್ಲಿನ ಕ್ವಾರಿಗೆ ನಡೆದರು. ಇವರು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. “ಕೈಯಾಗಿನ ಕಸುಬು ಬಿಟ್ರ ನಾ ಯಾರ್ರೀ?” ಎಂದು ನಮ್ಮನ್ನೇ ಕೇಳುತ್ತಾರೆ.

ಎಂಬತ್ಮೂರರ ದಸರೆಗೆ ರಾಯಚೂರಿನಲ್ಲಿ ಫೋಟೋ ಸ್ಟುಡಿಯೋ ತೆರೆಯಲಿದ್ದ ಹಂಪಣ್ಣ, ಹೊಸ ಕ್ಯಾಮೆರಾದ ಜೊತೆ ಬಂದ ಜಪಾನಿನ ಕ್ಯಾಲೆಂಡರ್ ಹಿಡಿದು ಈ ಕಟ್ಟೆಗೆ ಬಂದರು. ಅದರಲ್ಲಿತ್ತು ಒಂದು ಕಾಗದದ ಲಾಂದ್ರ. “ಇಂಥಾದ್ದೊಂದು ಮಾಡಿಕೊಡವ್ವಾ. ಚೆಂದ ಬರ್ಲಿಲ್ಲಂದ್ರ ಟ್ಯೂಬ್‌ಲೈಟೇ ಇರಲಿ” ಎಂದರು. ಇದೂ ಕೈಕೊಟ್ಟರೆ ಗಂಡನ ಹಿಂದೆ ಕಲ್ಲು ಹೊರಲು ಹೋಗುವುದೊಂದೇ ದಾರಿ ಎಂಬುದು ಗದ್ದೆಮ್ಮನಿಗೆ ಗೊತ್ತಿತ್ತು.

ಪಕ್ಕದ ಮನೆಯ ಅಮರಮ್ಮ ಬೇರೆ ಕೊಂಕು ತೆಗೆದರು. “ಇಂಥಾ ಬೋಳು ಬಿಳಿ ದೀಪ ಯಾರು ಹಚ್ತಾರ ಬೇ, ಸತ್ತವರ ಮನ್ಯಾಗಿನಂಗ ಕಾಣ್ತದ!”

ಅದರ ಮೇಲೆ ಒಂದು ಎಡವಟ್ಟೂ ಆಯಿತು. ಹೊಸ ಮೊರದ ಸಂದು ಮುಚ್ಚಲು ನೆನೆಸಿದ ಮೆಂತ್ಯ ರುಬ್ಬಿ ಬಳಿಯುವುದು ಇವರ ವಾಡಿಕೆ. ಕಾಗದ ಅಂಟಿಸಿ ಮುಗಿಸಿದ ಗದ್ದೆಮ್ಮನ ಕೈ ತನ್ನಷ್ಟಕ್ಕೆ ಮೆಂತ್ಯದ ಬೋಗುಣಿಗೆ ಹೋಗಿ, ದೀಪಕ್ಕೂ ಬಳಿದುಬಿಟ್ಟಿತು. “ಕಾಗದ ಜೋತು ಬಿತ್ರಿ. ಮರುದಿನಾನ ಸ್ಟುಡಿಯೋ ಪೂಜಿ. ಇನ್ನೊಂದು ಮಾಡಾಕ ವ್ಯಾಳ್ಯಾ ಎಲ್ಲದ?”

ಬೇರೆ ದಾರಿ ಕಾಣದೆ ಅದನ್ನೇ ಒಣಗಿಸಿ, ಮೊದಲ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರಾಯಚೂರಿಗೆ ಒಯ್ದರು. ಮೆಂತ್ಯದ ವಾಸನೆಗೆ ಹಂಪಣ್ಣ ಮೂಗರಳಿಸಿದರು. “ಏನವ್ವಾ, ದೀಪ ತಂದೀಯೋ ಸಾರು ತಂದೀಯೋ?”

ಆದರೂ ಹಂಪಣ್ಣ ದೀಪವನ್ನು ಚಾವಣಿಗೆ ತೂಗುಹಾಕಿ, ಒಳಗೆ ಬಲ್ಬು ಇಳಿಬಿಟ್ಟರು. ಸ್ವಿಚ್ಚು ಒತ್ತಿದರು. ಒಣಗಿದ ಮೆಂತ್ಯದಿಂದ ತಮಟೆಯಂತೆ ಬಿಗಿದಿದ್ದ ಕಾಗದದೊಳಗಿಂದ ಜೇನಿನ ಬಣ್ಣದ ಬೆಳಕು ಇಳಿದು ಬಂತು. ಪೂಜೆಗೆ ಬಂದವರ ಮುಖಗಳೆಲ್ಲ ಎಣ್ಣೆ ನೀರು ಹಾಕಿಕೊಂಡು ಬಂದಂತೆ ಹೊಳೆದವು. ಹಂಪಣ್ಣ ಸ್ಟೂಲು ಹತ್ತಿ, ಗೋಡೆಯ ಟ್ಯೂಬ್‌ಲೈಟನ್ನು ತಾವೇ ಬಿಚ್ಚಿದರು. ಅಂದು ಗದ್ದೆಮ್ಮ ಎಲ್ಲರೆದುರು ಗಳಗಳನೆ ಅತ್ತರು. ಅಂಥ ಖುಷಿ ಮದುವೆಯ ದಿನವೂ ಆಗಿರಲಿಲ್ಲವಂತೆ.

ಈಗ ದೇವದುರ್ಗದ ಡಾಕ್ಟರ ಮನೆಯಲ್ಲಿ, ರಾಯಚೂರಿನ ಲಾಡ್ಜುಗಳಲ್ಲಿ ಇವರ ದೀಪಗಳು ಬೆಳಗುತ್ತಿವೆ. ಬೂದೆಪ್ಪ ಕ್ವಾರಿ ಬಿಟ್ಟು ಬಂದು ಹೆಂಡತಿಯ ಪಕ್ಕದಲ್ಲಿ ಬಿದಿರು ಸೀಳುತ್ತಾರೆ. ಕೊಂಕು ತೆಗೆದಿದ್ದ ಅಮರಮ್ಮನೇ ಈಗ ಮೆಂತ್ಯ ರುಬ್ಬಿಕೊಡುತ್ತಾರೆ.

ಇಷ್ಟೆಲ್ಲ ಆಯಿತಲ್ಲ, ಹೇಗನಿಸುತ್ತದೆ ಎಂದು ಕೇಳಿದರೆ ಗದ್ದೆಮ್ಮ ಕತ್ತಿ ನಿಲ್ಲಿಸುವುದಿಲ್ಲ.

“ನಾ ಮಾಡಿದ ಬುಟ್ಟಿ ನೆಲದಾಗ ಇರತಿದ್ವು, ಮಂದಿ ಕಾಲಾಗ ದೂಡತಿದ್ರು. ಈಗ ನನ್ನ ಕೆಲಸ ನೋಡಬೇಕಂದ್ರ ಎಂಥಾವ್ರೂ ತಲಿ ಎತ್ತಬೇಕ್ರಿ.”