ನೀಲಿ ಗೂಡಿನ ಹಸಿರು ಮರಿ

ನೀಲಾಂಬರಿಯನ್ನು ನಾನು ಕೊಂಡು ತಂದದ್ದು ಒಂದು ಮಳೆಯ ಸಂಜೆ, ಸುದ್ದಗುಂಟೆಪಾಳ್ಯದ ಹಕ್ಕಿ ಅಂಗಡಿಯಿಂದ. ಈ ವಾಕ್ಯದಲ್ಲಿ ಅಂಗಡಿ ನಿಜ, ಸಂಜೆ ನಿಜ. ಮಳೆಯನ್ನು ನನ್ನ ಹೆಂಡತಿ ಗಿರಿಜಾ ಒಪ್ಪುವುದಿಲ್ಲ. "ಮಳೆ ಎಲ್ಲಿತ್ತು ರೀ? ಸೆಕೆ ತಡೆಯೋಕಾಗ್ದೆ ಎರಡು ಲೋಟ ಕಬ್ಬಿನ ಹಾಲು ಕುಡಿದ್ರಿ" ಎನ್ನುತ್ತಾಳೆ. ನನ್ನ ಕಣ್ಣಿಗೆ ಮಾತ್ರ ಇವತ್ತಿಗೂ ತೂತು ಕೊರೆದ ರಟ್ಟಿನ ಡಬ್ಬದ ಮೇಲೆ ಟಪಟಪ ಹನಿ ಬೀಳುವುದು, ನಾನದನ್ನು ಅಂಗಿಯೊಳಗೆ ಅವಚಿಕೊಂಡು ಆಟೋ ಹತ್ತುವುದು ಕಾಣುತ್ತದೆ. ಹನಿ ಕಬ್ಬಿನ ಹಾಲಿನದೂ ಇರಬಹುದು. ನನ್ನ ನೆನಪು ಒಳ್ಳೆಯ ಹೆಣಿಗೆಗಾರ. ನೂಲು ಸಾಲದಿದ್ದರೆ ಪಕ್ಕದ ಮನೆಯದನ್ನು ಎಳೆದಾದರೂ ಸ್ವೆಟರ್ ಮುಗಿಸುತ್ತದೆ.

ನೀಲಾಂಬರಿ ಒಂದು ಬಡ್ಜಿ. ಅಂಗೈಯಲ್ಲಿ ಹಿಡಿಸುವ ಪುಟ್ಟ ಗಿಳಿ. ಊರಿಗೆ ಊರೇ ಇವನ್ನು ಲವ್ ಬರ್ಡ್ಸ್ ಅನ್ನುತ್ತದೆ. ಲವ್ ಬರ್ಡ್ಸ್ ಬೇರೆ, ಬಡ್ಜಿ ಬೇರೆ ಎಂದು ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾನು ಕೊಟ್ಟ ಉಪನ್ಯಾಸಗಳ ಫಲವಾಗಿ ಕೆಲವರು ಈಗ ಮೆಟ್ಟಿಲು ಹತ್ತುತ್ತಾರೆ. ಅವರ ಆರೋಗ್ಯ ಸುಧಾರಿಸಿದೆ.

ಹಕ್ಕಿ ಸಾಕುವುದು ಒಂದು ಹುಚ್ಚು. ಹುಟ್ಟಲಿರುವ ಮರಿಯ ಬಣ್ಣವನ್ನು ಮೊದಲೇ ಲೆಕ್ಕ ಹಾಕಿ ಹೇಳುವುದು ಅದರ ಮೇಲಿನ ಒಗ್ಗರಣೆ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುವವನು, ಸಂಭವನೀಯತೆ ನನ್ನ ಪ್ರೀತಿಯ ಪಾಠ. ಒಂದು ಚೌಕ ಎಳೆದು, ನಾಲ್ಕು ಮನೆ ಮಾಡಿ, ತಲೆಯ ಮೇಲೆ ಅಪ್ಪನನ್ನೂ ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿ ಮನೆಯೊಳಗೆ ಮಕ್ಕಳನ್ನು ತುಂಬುತ್ತ ಹೋಗುವಾಗ ನನಗೆ ಸೃಷ್ಟಿಕರ್ತನ ಅಮಲು ಏರುತ್ತದೆ. ಗಿರಿಜಾ ಹೆಗಲ ಮೇಲಿಂದ ಇಣುಕಿ ಇಳಿಸುತ್ತಾಳೆ: "ನಮ್ಮ ಜಾತಕ ನೋಡ್ಸಿದಾಗ ನಕ್ಕಿದ್ರಿ. ಈಗ ಹಕ್ಕಿಗೆ ಕುಂಡಲಿ ಬರೀತಿದೀರಲ್ಲ!"

ಇಲ್ಲಿ ಸ್ವಲ್ಪ ಪಾಠ ಕೇಳಲೇಬೇಕು; ಲಿಫ್ಟು ಮುಂದಿನ ಮಹಡಿಗೆ ಬರುವಷ್ಟರಲ್ಲಿ ಮುಗಿಸುತ್ತೇನೆ. ಕಾಡಿನ ಬಡ್ಜಿಯ ಬಣ್ಣ ಹಸಿರು. ಆದರೆ ಗರಿಯಲ್ಲಿ ಹಸಿರು ಎಂಬ ಪದಾರ್ಥವೇ ಇಲ್ಲ. ಗರಿಯ ಕಟ್ಟಣೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ, ಅದರ ಮೇಲೊಂದು ಹಳದಿ ಲೇಪ, ಎರಡೂ ಸೇರಿ ಹಸಿರು. ಹಳದಿ ತಯಾರಿಸಲಾರದ ಹಕ್ಕಿ ನೀಲಿಯಾಗಿ ಉಳಿಯುತ್ತದೆ. ಪ್ರತಿ ಹಕ್ಕಿಯ ಬಳಿ ಎರಡು ಅರಿಸಿನದ ಡಬ್ಬ ಇವೆ ಎಂದುಕೊಳ್ಳಿ. ಒಂದು ತುಂಬಿದ್ದರೂ ಸಾಕು, ಹಕ್ಕಿ ಹಸಿರು. ಮರಿಗೆ ಅಪ್ಪ ಒಂದು ಡಬ್ಬ, ಅಮ್ಮ ಒಂದು ಡಬ್ಬ ಕಣ್ಣುಮುಚ್ಚಿ ಕೊಡುತ್ತಾರೆ. ಹಾಗಾಗಿ ಹಸಿರು ದಂಪತಿಯ ಕೈಯಿಂದ ಎರಡೂ ಖಾಲಿ ಡಬ್ಬ ಬಂದರೆ ಮರಿ ನೀಲಿಯಾಗಬಹುದು. ಆದರೆ ನೀಲಿ ದಂಪತಿಯ ಬಳಿ ಇರುವುದೆಲ್ಲ ಖಾಲಿ ಡಬ್ಬಗಳೇ. ಅವಕ್ಕೆ ಹಸಿರು ಮರಿ ಹುಟ್ಟುವುದೆಂದರೆ ಅರಿಸಿನವೇ ಇಲ್ಲದ ಮನೆಯಲ್ಲಿ ಚಿತ್ರಾನ್ನ ಹಳದಿಯಾದಂತೆ.

ಎಲ್ಲ ಬಣ್ಣಗಳೂ ಇಷ್ಟು ಸರಳವಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಬಡ್ಜಿಗಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕೆಲವು ಬಣ್ಣಗಳು ಮಗಳಿಗೆ ಅಪ್ಪನಿಂದ ಮಾತ್ರ ಬರುತ್ತವೆ. ತಾಯಿ ತನ್ನದನ್ನು ಮಗನ ಕೈಗೆ ಕೊಡುತ್ತಾಳೆ, ಅವನು ಮೈಮೇಲೆ ತೋರಿಸದೆ ಬಚ್ಚಿಟ್ಟುಕೊಂಡು ತನ್ನ ಮಗಳಿಗೆ ದಾಟಿಸುತ್ತಾನೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಗಿರಿಜಾಗೆ ಎರಡು ನಿಮಿಷ. "ನಿಮ್ಮಮ್ಮನ ಅವಲಕ್ಕಿ ಸರ ಇದ್ದ ಹಾಗೆ" ಎಂದಳು. "ಅವರು ನಿಮ್ಮ ಕೈಲಿ ಕೊಟ್ರು, ನೀವು ಬೀರುವಲ್ಲಿ ಬಚ್ಚಿಟ್ರಿ, ಮಗಳ ಮದ್ವೇಲಿ ಅವಳ ಕತ್ತಿಗೆ ಹಾಕಿದ್ರಿ. ನಡುವೆ ನಾನು ಅದನ್ನ ಕಣ್ಣಲ್ಲೂ ನೋಡ್ಲಿಲ್ಲ." ಯಾವ ಪುಸ್ತಕದಲ್ಲೂ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಓದಿಲ್ಲ.

ಇಷ್ಟೆಲ್ಲ ವಿದ್ಯೆಯಿದ್ದೂ ನನ್ನ ಭವಿಷ್ಯವಾಣಿಗಳು ಫಲಿಸುತ್ತಿರಲಿಲ್ಲ. ಮೂರು ಹಳದಿ ಎಂದಿದ್ದೆ, ನಾಲ್ಕು ಹಸಿರು ಬಂದವು. ಬಿಳಿ ಎಂದಿದ್ದೆ, ಬೂದು ಬಂತು. ನಾಲ್ಕರಲ್ಲಿ ಒಂದು ಎಂದರೆ ನಾಲ್ಕರಲ್ಲಿ ಒಂದು ಬಂದೇ ಬರುತ್ತದೆ ಎಂದಲ್ಲ ಎಂದು ವಿವರಿಸಿದೆ. "ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು ಅನ್ನೋಕೆ ಎಂಎಸ್ಸಿ ಮಾಡ್ಬೇಕಿತ್ತಾ?" ಎಂದಳು ಗಿರಿಜಾ. ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮದು ಮೂರನೆಯ ಮಹಡಿಯ ಮನೆ, ಬಟ್ಟೆ ಒಣಗಿಸಲು ಅಡುಗೆಮನೆ ಪಕ್ಕದ ಬಾಲ್ಕನಿಯೊಂದೇ ಗತಿ. ಅಲ್ಲಿ ಮೂರು ಪಂಜರ, ಗೋಡೆಯ ತುಂಬ ನನ್ನ ಚಾರ್ಟುಗಳು. ಹಕ್ಕಿಗಳು ಬಿಡಿಸಿ ಉಗುಳಿದ ನವಣೆ ಸಿಪ್ಪೆ ಹಾರಿ ಬಂದು ಒದ್ದೆ ಸೀರೆಗೆ ಜರಿಯ ಕೆಲಸ ಮಾಡುತ್ತಿತ್ತು.

ನೀಲಾಂಬರಿ ಐದು ಮೊಟ್ಟೆ ಇಟ್ಟಾಗ ಗಿರಿಜಾ ಒಂದು ಷರತ್ತು ಹಾಕಿದಳು. "ಈ ಸಲ ನೀವು ಹೇಳಿದ ಬಣ್ಣ ಬಂದ್ರೆ ಬಾಲ್ಕನಿ ನಿಮ್ದು, ನಾನು ಸೊಲ್ಲೆತ್ತಲ್ಲ. ಬರ್ಲಿಲ್ಲ ಅಂದ್ರೆ ನಂದು. ಪಂಜರ ಎಲ್ಲಿಗಾದ್ರೂ ಸಾಗಿಸಿ."

ನಾನು ಕುಣಿದುಬಿಟ್ಟೆ. ಯಾಕೆಂದರೆ ನೀಲಾಂಬರಿ ನೀಲಿ, ಅವಳ ಗಂಡ ನೀಲಕಂಠನೂ ನೀಲಿ. ಖಾಲಿ ಡಬ್ಬ, ಖಾಲಿ ಡಬ್ಬ. ಪ್ರಕೃತಿಯೇ ರುಜು ಹಾಕಿಕೊಟ್ಟ ಖಾಲಿ ಚೆಕ್ಕು! "ಐದಕ್ಕೆ ಐದೂ ನೀಲಿ" ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕೆಳಗೆ ಇಬ್ಬರ ಸಹಿ. ಅದೇ ಹುಮ್ಮಸ್ಸಿನಲ್ಲಿ ನಾಲ್ಕನೆಯ ಪಂಜರ ಎಲ್ಲಿ ಇಡಬಹುದೆಂದು ಟೇಪು ಹಿಡಿದು ಅಳೆದೂ ಆಯಿತು.

ಹದಿನೆಂಟು ದಿನ ಕಳೆದ ಮೇಲೆ ದಿನ ಬಿಟ್ಟು ದಿನದಂತೆ ಒಂದೊಂದೇ ಮರಿ ಹೊರಬಂತು. ಹುಟ್ಟಿದ ಬಡ್ಜಿ ಮರಿ ಯಾವ ಬಣ್ಣದ್ದೂ ಅಲ್ಲ. ಹುರಿಗಡಲೆಗೆ ಕತ್ತು ಮೂಡಿದ ಹಾಗಿರುತ್ತದೆ. ಎರಡು ವಾರದ ಹೊತ್ತಿಗೆ ಚರ್ಮದಿಂದ ಮುಳ್ಳಿನಂಥ ಗರಿಮೊಳಕೆ ಇಣುಕುತ್ತದೆ, ಅದರ ತುದಿಯಲ್ಲಿ ಬಣ್ಣ. ನಾನು ದಿನಾ ಕಾಲೇಜಿಗೆ ಹೊರಡುವ ಮುನ್ನ ಗೂಡಿನ ಮಡಕೆಯೊಳಗೆ ಮೊಬೈಲಿನ ಟಾರ್ಚು ಬಿಟ್ಟು ನೋಡುತ್ತಿದ್ದೆ. ಆದರೂ ಮೊದಲು ಕಂಡದ್ದು ಗಿರಿಜಾಗೆ.

"ರೀ, ಬನ್ನಿ ಇಲ್ಲಿ. ನಿಮ್ಮ ಖಾಲಿ ಡಬ್ಬದಲ್ಲಿ ಅರಿಸಿನ ಸಿಕ್ಕಿದೆ."

ಎಲ್ಲಕ್ಕಿಂತ ದೊಡ್ಡ ಮರಿಯ ಬೆನ್ನ ಮೇಲೆ ಹಸಿರು. ಅನುಮಾನಕ್ಕೆ ಎಡೆಯೇ ಇಲ್ಲದ, ಎಳೆ ಬಾಳೆಯಂಥ ಹಸಿರು. ನಾನು ಏನು ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಬೆಳಿಗ್ಗೆ ಹಾಕಿದ್ದ ಕೊತ್ತಂಬರಿ ಸೊಪ್ಪಿನ ಕಲೆ ಇರಬೇಕೆಂದು ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಮರಿಯ ಬೆನ್ನು ಒರೆಸಿದೆ. ಹಸಿರು ಇನ್ನಷ್ಟು ಹೊಳೆಯಿತು. ಮರಿ ನನ್ನ ಬೆರಳು ಕಚ್ಚಿತು. ಗಿರಿಜಾ ಬಾಲ್ಕನಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಎಷ್ಟು ಹಗ್ಗ ಬೇಕೆಂದು ನನ್ನದೇ ಟೇಪಿನಲ್ಲಿ ಅಳೆಯತೊಡಗಿದಳು.

ಸೋಲುವವನ ಕಲ್ಪನೆಗೆ ರೆಕ್ಕೆ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ನಾನು ವಿಜ್ಞಾನಕ್ಕೇ ತಿಳಿಯದ ಹೊಸ ತಳಿಯೊಂದರ ಜನಕನಾಗಿದ್ದೆ. ಅದಕ್ಕೆ 'ಬನಶಂಕರಿ ಹಸಿರು' ಎಂದು ಹೆಸರೂ ಇಟ್ಟಿದ್ದೆ. ವಿದೇಶದಿಂದ ಬರುವ ಪಂಡಿತರಿಗೆ ಲಿಫ್ಟು ಕೆಟ್ಟಿದ್ದರೆ ಏನು ಗತಿ ಎಂಬುದೊಂದೇ ಚಿಂತೆ. ಉಳಿದ ನಾಲ್ಕು ಮರಿಗಳೂ ಬಣ್ಣ ತೋರಿಸುವವರೆಗೆ ಕಾದು, ಆ ಭಾನುವಾರ ಹನುಮಂತನಗರಕ್ಕೆ ಹೋದೆ. ಅಲ್ಲಿ ತಾರಸಿಗೆ ಜಾಲರಿ ಕಟ್ಟಿ ಬಹಳ ವರ್ಷಗಳಿಂದ ಹಕ್ಕಿ ಸಾಕುತ್ತಿರುವ ಮುನಿರಾಜು ಇದ್ದಾರೆ. ನಿವೃತ್ತ ಬಸ್ ಡ್ರೈವರು, ನನ್ನ ಗುರು. ಫೋಟೋ ತೋರಿಸಿದೆ.

"ನೀಲಿಗೆ ನೀಲಿ ಹಾಕಿದ್ರೆ ಹಸಿರು ಬರಲ್ಲ ಸಾರ್" ಎಂದರು.

"ಬಂದಿದೆಯಲ್ಲ ಮುನಿರಾಜು! ಹೊಸ ತಳಿ ಏನಾದ್ರೂ…"

"ಹೊಸ ತಳಿ ಏನಲ್ಲ ಸಾರ್, ಹಳೇ ಕತೆ. ಹಸಿರು ಎಷ್ಟನೇ ಮೊಟ್ಟೆದು?"

"ಮೊದಲನೇದು. ಮಿಕ್ಕಿದ್ದು ನಾಲ್ಕೂ ನೀಲಿ."

ಮುನಿರಾಜು ಕಾಳಿನ ಚೀಲ ಕೆಳಗಿಟ್ಟು ಮನಸಾರೆ ನಕ್ಕರು. "ಹೆಣ್ಣು ಗಂಡಿನ ಬೀಜಾನ ಒಂದು ವಾರ, ಹತ್ತು ದಿನ ಒಳಗೇ ಇಟ್ಕೊಂಡಿರತ್ತೆ ಸಾರ್. ಮೊದಲ್ನೇ ಮೊಟ್ಟೆ ಹಳೇ ಯಜಮಾನ್ರುದ್ದು. ಅದಕ್ಕೇ ಜೋಡಿ ಕಟ್ಟೋ ಮುಂಚೆ ಹೆಣ್ಣನ್ನ ಹದಿನೈದು ದಿನ ಒಂಟಿ ಇಡಿ ಅಂತ ಬಡ್ಕೊಳ್ಳೋದು ನಾನು."

"ಇಟ್ಟಿದ್ದೆ ಕಣ್ರೀ! ಇಪ್ಪತ್ತು ದಿನ ಇಟ್ಟಿದ್ದೆ!"

"ನೀವು ಇಟ್ಟಿದ್ರಿ ಸಾರ್. ಅದು ಇತ್ತಾ?"

ಇತ್ತು. ನನಗೆ ಚೆನ್ನಾಗಿ ನೆನಪಿತ್ತು. ಅಂಗಡಿಯಿಂದ ತಂದ ನೀಲಾಂಬರಿಯನ್ನು ನೇರ ಒಂಟಿ ಪಂಜರಕ್ಕೆ ಬಿಟ್ಟೆ, ಇಪ್ಪತ್ತು ದಿನ ಅವಳು ಯಾರ ಮುಖವನ್ನೂ ನೋಡಲಿಲ್ಲ, ಆಮೇಲೆ ನನ್ನ ಕೈಯಾರೆ ನೀಲಕಂಠನ ಪಂಜರಕ್ಕೆ ಸೇರಿಸಿದೆ. ಬೇಕಾದರೆ ಆಣೆ ಮಾಡುತ್ತೇನೆ ಎಂದೆ. "ಆಣೆ ಬೇಡ ಸಾರ್" ಎಂದರು ಮುನಿರಾಜು. "ಮನೇಲಿ ಮೇಡಂನ ಒಂದ್ಮಾತು ಕೇಳಿ."

ಮನೆಗೆ ಬಂದು ಕೇಳಿದೆ. ಮೂರನೆಯ ಪಂಜರದಲ್ಲಿ ಪಚ್ಚೆ ಎಂಬ ಹಸಿರು ಗಂಡಿದೆ. ನೀಲಾಂಬರಿ ಯಾವತ್ತಾದರೂ ಅದರೊಳಗೆ ಹೋಗಿತ್ತೇ?

"ಹೋಗಿತ್ತಲ್ಲ. ನೀವೇ ಬಿಡು ಅಂದ್ರಿ."

ಗಿರಿಜಾ ಫೋನು ತೆಗೆದು ತೋರಿಸಿದಳು. ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದ ನಾಲ್ಕು ದಿನಗಳಲ್ಲಿ ಅವಳು ಕಳಿಸಿದ್ದ ಸಂದೇಶ: "ಹೊಸ ಹುಡುಗಿ ಒಬ್ಳೇ ಕೂಗ್ತಿದಾಳೆ ಪಾಪ. ಪಚ್ಚೆ ಜೊತೆ ಬಿಡ್ಲಾ?" ನನ್ನ ಉತ್ತರ: "ಬಿಡು." ಕೆಳಗೆ ಫೋಟೋ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ನೀಲಾಂಬರಿ ಮತ್ತು ಪಚ್ಚೆ. ಅದರ ಕೆಳಗೆ ನಾನು ಬರೆದಿದ್ದೆ: "ಸಖತ್ ಜೋಡಿ!" ಪಕ್ಕದಲ್ಲಿ ಮೂರು ಕೆಂಪು ಹೃದಯ.

"ನೀವು ಬರೋ ದಿನ ಬೆಳಿಗ್ಗೆ ಪಂಜರ ತೊಳೆಯೋಕೆ ಅಂತ ವಾಪಸ್ ಅವಳ ಪಂಜರಕ್ಕೆ ಬಿಟ್ಟೆ. ಅವತ್ತು ಸಾಯಂಕಾಲಾನೇ ನೀವು ನೀಲಕಂಠನ ಜೊತೆ ಮದ್ವೆ ಮಾಡ್ಸಿದ್ರಿ."

ಆ ಸಂದೇಶಗಳನ್ನು ಮೂರು ಸಲ ಓದಿದೆ. ಒಂದಕ್ಷರವೂ ನೆನಪಿರಲಿಲ್ಲ. ತಮಾಷೆ ಇರುವುದು ಮುಂದೆ: ಐದೇ ನಿಮಿಷದಲ್ಲಿ ಎಲ್ಲವೂ ನೆನಪಾಗತೊಡಗಿತು! ಮೈಸೂರಿನ ಆ ಕೊಠಡಿ, ಕೈಯಲ್ಲಿ ಕೆಂಪು ಪೆನ್ನು, ಮೇಜಿನ ಮೇಲೆ ಆರಿದ ಕಾಫಿ, ಫೋನು ಗುಂಯ್‌ಗುಟ್ಟಿದ್ದು, ನಾನು ನಕ್ಕಿದ್ದು. ಇವೆಲ್ಲ ಆವತ್ತಿನವೋ, ಈಗಷ್ಟೇ ಹೆಣೆದವೋ ಹೇಳಲಾರೆ. ನನ್ನ ಇಡೀ ಬದುಕಿನಲ್ಲಿ ನಂಬಬಹುದಾದ ದಾಖಲೆ ಸದ್ಯಕ್ಕೆ ಒಂದು ಮರಿಯ ಬೆನ್ನು.

"ಹಾಗಾದ್ರೆ ಷರತ್ತು ಹಾಕೋವಾಗಲೇ ನಿನಗೆ ಗೊತ್ತಿತ್ತಾ?"

"ಹಕ್ಕಿ ಹೊಟ್ಟೇಲಿ ಏನು ಇಟ್ಕೊಂಡಿರತ್ತೆ ಅಂತ ನನಗೇನು ಗೊತ್ತು? ಆದ್ರೆ ನೀವು ಅಷ್ಟು ಗ್ಯಾರಂಟಿಯಾಗಿ ಹೇಳ್ತಿದೀರ ಅಂದ್ರೆ ಎಲ್ಲೋ ಎಡವಿರ್ತೀರ ಅಂತ ಗೊತ್ತಿತ್ತು."

ಬಾಲ್ಕನಿ ಕೈಬಿಡುವ ಮುನ್ನ ನನ್ನ ಬಳಿ ಒಂದು ವಾದ ಉಳಿದಿತ್ತು. ಗಣಿತದವನ ಕೊನೆಯ ಅಸ್ತ್ರ, ವ್ಯಾಖ್ಯೆ. ಗಂಟಲು ಸರಿಪಡಿಸಿಕೊಂಡು ಹೇಳಿದೆ: "ನಾನು ಲೆಕ್ಕ ಹಾಕಿದ್ದು ನೀಲಕಂಠನ ಮಕ್ಕಳಿಗೆ. ನೀಲಕಂಠನ ಮಕ್ಕಳೆಲ್ಲ ನೀಲಿಯೇ. ಹಸಿರು ಅವನ ಮಗುವೇ ಅಲ್ಲ. ಆದ್ದರಿಂದ ಪಂದ್ಯ ನನ್ನದು."

ಗಿರಿಜಾ ಬಾಲ್ಕನಿಯ ಬಾಗಿಲು ತೆರೆದಳು. "ಅದನ್ನ ಅವನ ಮುಂದೆ ಹೇಳಿ ನೋಡೋಣ."

ನೀಲಕಂಠ ಮಡಕೆಯ ಬಾಯಲ್ಲಿ ಕೂತಿದ್ದ. ಒಳಗಿನಿಂದ ಮೊದಲು ಕತ್ತು ಚಾಚಿದ್ದು ಆ ಹಸಿರು ಮರಿ. ಅವನು ತಲೆ ಕುಣಿಸಿ ಕುಣಿಸಿ, ತಾನು ತಿಂದದ್ದನ್ನು ಗಂಟಲಿಗೆ ತಂದುಕೊಂಡು ಮೊದಲ ಗುಟುಕು ಅದಕ್ಕೇ ಕೊಟ್ಟ. ಎರಡನೆಯದೂ ಅದಕ್ಕೇ. ನಾಲ್ಕು ನೀಲಿಗಳು ಹಿಂದೆ ಕಿರುಚಿಕೊಳ್ಳುತ್ತಿದ್ದವು. ಮರಿಯ ಮೂತಿಗೆ ಅಂಟಿದ ಕಾಳನ್ನು ಕೊಕ್ಕಿನಿಂದ ಬಿಡಿಸಿ, ಆ ಬಾಳೆ ಹಸಿರಿನ ನೆತ್ತಿಯನ್ನು ಒಂದು ಸಲ ನೇವರಿಸಿದ. ನನ್ನ ವ್ಯಾಖ್ಯೆ ಗಂಟಲಲ್ಲೇ ಉಳಿಯಿತು. ಅದನ್ನು ಯಾರಿಗೆ ಉಣಿಸುವುದು? ಒಳಗೆ ಬಂದು ಫ್ರಿಜ್ಜಿನ ಚೀಟಿ ಕಿತ್ತು ಗಿರಿಜಾಳ ಕೈಗೆ ಕೊಟ್ಟೆ.

"ಸರಿ, ಬಾಲ್ಕನಿ ನಂದು" ಎಂದಳು. "ಪಂಜರ ಇಲ್ಲೇ ಇರ್ಲಿ. ಚಾರ್ಟು ತೆಗೀರಿ. ಇನ್ಮೇಲೆ ಇಲ್ಲಿಗೆ ಬರೋ ಮುಂಚೆ ನನ್ನ ಕೇಳ್ಬೇಕು."

ಹೀಗೆ ಹಕ್ಕಿಗಳೆಲ್ಲ ಉಳಿದು ನಾನೊಬ್ಬ ಹೊರಬಿದ್ದೆ. ಈಗ ಅಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುತ್ತವೆ, ಅದರ ಕೆಳಗೆ ಗಿರಿಜಾ ತನ್ನದೇ ಪದ್ಧತಿಯಲ್ಲಿ ಜೋಡಿ ಕಟ್ಟುತ್ತಾಳೆ: ಯಾರು ಯಾರ ಪಕ್ಕದಲ್ಲಿ ತಾವಾಗಿ ಹೋಗಿ ಕೂರುತ್ತಾರೋ ಅವರೇ ಜೋಡಿ. ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತ ಜಾಲರಿ ಬಾಗಿಲಿನಿಂದ ಇಣುಕುತ್ತೇನೆ. ಮೊನ್ನೆ ಪಚ್ಚೆಯ ಮಡಕೆಯಲ್ಲಿ ಆರು ಮೊಟ್ಟೆ ಆದವು. ಗಿರಿಜಾ ಬಾಲ್ಕನಿಯಿಂದಲೇ ಕೇಳಿದಳು: "ರೀ, ಈ ಸಲ ಏನ್ ಬಣ್ಣ ಬರ್ಬೋದು?"

ನಾಲ್ಕು ಮನೆಯ ಚೌಕ ತಲೆಯೊಳಗೆ ತಾನಾಗಿ ಎದ್ದು ನಿಂತಿತು. ಒಂದೊಂದೇ ಮನೆ ತುಂಬಿತು. ನಾಲಿಗೆಯ ತುದಿಗೆ ಭಿನ್ನರಾಶಿಯೊಂದು ಬಂದು ಕೂತಿತು. ನಾನು ಬೀನ್ಸಿನ ನಾರು ತೆಗೆದೆ.

"ಗೊತ್ತಿಲ್ಲ" ಎಂದೆ.

ಚಿಲಕ ಸರಿದು ಬಾಲ್ಕನಿಯ ಬಾಗಿಲು ತೆರೆಯಿತು.

"ಬನ್ನಿ, ಬಂದು ನೋಡಿ" ಎಂದಳು.