ಚೆಂಡುಹೂವಿನ ಸಾಲಿನಲ್ಲಿ ತಲೆಸುತ್ತು

ಬೇಗೂರಿನ ಹತ್ತಿರ ಚೆಂಡುಹೂವು ಕೀಳಲು ಹೋಗುವ ನಮ್ಮ ಗುಂಪಿಗೆ ಒಬ್ಬಳು ಮೇಸ್ತ್ರಿ. ನಮ್ಮೂರಿನವಳೇ, ವರಸೆಯಲ್ಲಿ ನನಗೆ ದೊಡ್ಡವ್ವ. ಹೂವಿನ ಕಾಲ ಬಂತೆಂದರೆ ಅವಳದೊಂದು ಕಟ್ಟಳೆ: ಮಧ್ಯಾಹ್ನದವರೆಗೆ ಯಾರೂ ನೀರು ಕುಡಿಯುವಂತಿಲ್ಲ. ಕಾರಣ ಸುಳ್ಳೇನಲ್ಲ. ಹೆದ್ದಾರಿಯಲ್ಲಿ ಹೋಗುವ ಕೇರಳದ ಕಾರುಗಳೆಲ್ಲ ಹೂವು ಕಂಡಲ್ಲಿ ನಿಲ್ಲುತ್ತವೆ, ಎತ್ತ ತಿರುಗಿದರೂ ಫೋನು ಹಿಡಿದವರು. ಹೆಂಗಸರು ಮರೆಗೆ ಹೋಗುವುದಾದರೂ ಎಲ್ಲಿಗೆ?

ಹೀಗೆ ಒಣಗಿದ ಬಾಯಲ್ಲಿ ಬಗ್ಗಿ ಕೀಳುತ್ತಿದ್ದವಳು ಒಂದು ಬೆಳಿಗ್ಗೆ ಸೊಂಟ ನೆಟ್ಟಗೆ ಮಾಡಿದೆ. ಕಣ್ಣಿಗೆ ಕತ್ತಲೆ ಕವಿಯಿತು, ಕಿವಿ ಗುಂಯ್ ಎಂದಿತು, ಗಿಡಗಳ ಮೇಲೇ ಬಿದ್ದೆ. ಎಚ್ಚರವಾದಾಗ ದೊಡ್ಡವ್ವ ಎದುರಿಗೆ ನಿಂತಿದ್ದಳು.

"ಕೆಲ್ಸಗಳ್ಳಿ ಕಣ್ರಮ್ಮಿ ಇವ್ಳು, ನಾಟ್ಕ ಆಡ್ತವ್ಳೆ."

ಅಷ್ಟಕ್ಕೇ ಬಿಡಲಿಲ್ಲ. ವಾಪಸು ಬರುವಾಗ ಗೂಡ್ಸ್ ಆಟೋದಲ್ಲಿ ನನ್ನ ಹಾಗೆ ಕಣ್ಣು ಮೇಲೆ ಮಾಡಿ, ಪಕ್ಕದವಳ ಮೇಲೆ ವಾಲಿಬಿದ್ದು ತೋರಿಸಿದಳು. ಎಲ್ಲರೂ ನಕ್ಕರು. ನನ್ನ ತಂಗಿಯೂ ನಕ್ಕಳು. ಮಾರನೆಯ ದಿನವೂ ಅದೇ ಆಟ. ಆ ಸಿಟ್ಟನ್ನು ಬೂದಿ ಮುಚ್ಚಿದ ಕೆಂಡದ ಹಾಗೆ ಕಾಪಾಡಿಕೊಂಡೆ.

ಚಾಮರಾಜನಗರದ ಡಾಕ್ಟರು ಬಿಪಿ ನೋಡಿ, ತೀರಾ ಕಡಿಮೆ ಇದೆಯಮ್ಮ ಎಂದರು. ನೀರು ಕುಡಿ, ಹಸಿದ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಡ, ಬಗ್ಗಿದವಳು ದಿಢೀರನೆ ಏಳಬೇಡ, ತಲೆ ಹಗುರಾದರೆ ಅಲ್ಲೇ ಕೂತುಬಿಡು. ಬೀಳುವ ಮುಂಚೆ ಮೈಯೇ ಹೇಳುತ್ತದೆ ಎಂದೂ ತಿಳಿಸಿದರು: ಆಕಳಿಕೆ, ತಣ್ಣನೆಯ ಬೆವರು, ಹೊಟ್ಟೆ ತೊಳಸುವುದು, ಕಣ್ಣು ಮಂಜಾಗುವುದು. ಪಾಠ ಒಪ್ಪಿಸುವಷ್ಟು ಚೆನ್ನಾಗಿ ಕಲಿತೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮುಂದಿನ ವರ್ಷದ ಹೂವಿನ ಕಾಲದಲ್ಲಿ, ಪಕ್ಕದ ಸಾಲಿನಲ್ಲಿದ್ದ ದೊಡ್ಡವ್ವ ಆಕಳಿಸಿದಳು. ಮತ್ತೆ ಆಕಳಿಸಿದಳು. ತುಟಿ ಬಿಳಿಚಿಕೊಂಡಿತ್ತು, ಮೋಡ ಮುಚ್ಚಿದ ಹೊತ್ತಿನಲ್ಲೂ ಹಣೆ ತುಂಬ ಬೆವರು. ನನ್ನೊಳಗೆ ಹಬ್ಬ. ಬೀಳಲಿ ಎಂದೇ ಅಂದುಕೊಂಡೆ. ಬಾಯಿ ಮಾತ್ರ, "ಕೂತ್ಕೊ ದೊಡ್ಡವ್ವ, ಬಿದ್ಬುಟ್ಟೀಯೆ" ಎಂದಿತು.

"ನಿನ್ನಂಗೆ ನಾಟ್ಕದೋಳಲ್ಲ ಕಣಮ್ಮಿ ನಾನು" ಎಂದವಳು ಹೂವಿನ ಚೀಲ ಎತ್ತಲು ಹೋಗಿ ಅದರ ಮೇಲೇ ಕುಸಿದಳು.

ಮೂರ್ಛೆರೋಗವೆಂದು ಒಬ್ಬಳು ಕೈಗೆ ಹಿಡಿಸಲು ಕಬ್ಬಿಣ ಹುಡುಕಿದಳು, ಇನ್ನೊಬ್ಬಳು ಮೂಸಿಸಲು ಚಪ್ಪಲಿ ತಂದಳು. ಚಪ್ಪಲಿಯನ್ನಾದರೂ ಅವಳ ಮೂಗಿಗೆ ಹಿಡಿಯಲು ಬಿಡಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಎಲ್ಲರನ್ನೂ ದೂರ ಕಳಿಸಿ, ಅವಳನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಚೀಲದ ಮೇಲೆ ಎತ್ತಿಟ್ಟೆ. ಕಣ್ಣು ಬಿಟ್ಟವಳು ನನ್ನನ್ನು ಹತ್ತಿರ ಎಳೆದು ಪಿಸುಗುಟ್ಟಿದಳು.

"ನಂಗೂ ಮೊದ್ಲಿಂದ್ಲೂ ಇಂಗೇ ಬತ್ತದೆ ಕಣಮ್ಮಿ. ಯಾರ್ಗೂ ಏಳ್ಬ್ಯಾಡ. ಮೇಸ್ತ್ರಿ ಕೆಲ್ಸ ಓಯ್ತದೆ."

ಕರುಣೆ ಬರಬೇಕಿತ್ತು. ಬರಲಿಲ್ಲ, ಮೈಯೆಲ್ಲ ಉರಿಯಿತು. ಗೊತ್ತಿಲ್ಲದವರು ನಕ್ಕರೆ ನಗಲಿ. ಇವಳಿಗೆ ಆ ಕತ್ತಲೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಆಟೋದಲ್ಲಿ ಅಷ್ಟು ಚೆನ್ನಾಗಿ ಬಿದ್ದು ತೋರಿಸಿದ್ದು.

ಮಾರನೆಯ ಬೆಳಿಗ್ಗೆ ದೊಡ್ಡ ಕ್ಯಾನಿನಲ್ಲಿ ನೀರು ಒಯ್ದೆ. ಹಳೇ ಸೀರೆಗಳನ್ನು ಕಟ್ಟಿ ಹೊಲದ ಮೂಲೆಯಲ್ಲಿ ಮರೆ ಮಾಡಿದೆ. ಹೆಂಗಸರೆಲ್ಲ ಅವಳೆದುರೇ ಹೊಟ್ಟೆ ತುಂಬ ಕುಡಿದರು. ಗುಟ್ಟು ನನ್ನ ಕೈಲಿದ್ದುದರಿಂದ ಅವಳು ತಡೆಯದೆ ಹೂವು ಕೀಳುತ್ತಲೇ ಇದ್ದಳು. ಈಗಲೂ ಆಕಳಿಕೆ ಬಂದಾಗ ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ. ಅವಳಿಗಷ್ಟೇ ಕೇಳುವ ಹಾಗೆ ಹೇಳಬಹುದು. ನಾನು ಹೆದ್ದಾರಿಗೇ ಕೇಳುವ ಹಾಗೆ ಕೂಗುತ್ತೇನೆ:

"ಕೂತ್ಕೊ ದೊಡ್ಡವ್ವ, ನಿಂಗೆ ತಲೆಸುತ್ತು ಬತ್ತಾ ಅದೆ!"